ಹಡಗಿನಿಂದ ಕೊನೆಗೆ ಇಳಿಯಿರಿ

ಈ ವಾರ ಬಂದ ಪತ್ರಗಳಲ್ಲಿ ಹೆಚ್ಚಿನವು ಪ್ರವಾಸಿ ಹಡಗಿನವು. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೇ ಸಮುದ್ರವೂ ಶಾಂತವಾಗಿರುವುದರಿಂದ ಕೊಡಗಿನವರು ಹಡಗು ಹತ್ತುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಹಡಗಿನ ಪರ್ಸರ್ ಕೌಂಟರಿನ ಹಿಂದೆ ನಿಂತು ಲೆಕ್ಕ, ದೂರು, ಕಳೆದುಹೋದ ವಸ್ತು ಎಲ್ಲವನ್ನೂ ನೋಡಿದವಳು ನಾನು. ಈಗ ಗಾಳಿಬೀಡಿನ ಕಡೆ ತೋಟದ ಲೆಕ್ಕ ಬರೆಯುತ್ತಿದ್ದೇನೆ. ಹಾಗಾಗಿ ಸಂಪಾದಕರು ಕಟ್ಟನ್ನು ಇಡಿಯಾಗಿ ನನ್ನ ಮುಂದೆ ಇಟ್ಟರು.

ಪ್ರಶ್ನೆ: ಅಕ್ಕಾ, ಮಾರ್ಚ್ ಮೊದಲ ವಾರ ಅಜ್ಜ, ಅಜ್ಜಿಯನ್ನು ಕರೆದುಕೊಂಡು ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿಬರುವ ಹಡಗಿನಲ್ಲಿ ಹೊರಟಿದ್ದೇವೆ. ಅಜ್ಜನಿಗೆ 81 ವರ್ಷ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅಜ್ಜಿಗೆ 75, ಮಂಡಿನೋವು. ಕೊನೆಯ ದಿನ ಬೆಳಗ್ಗೆ ಹಡಗು ಮುಂಬೈ ಸೇರುತ್ತದೆ. ಮಧ್ಯಾಹ್ನದ ವಿಮಾನದಲ್ಲಿ ಮಂಗಳೂರಿಗೆ ಬಂದು ಅದೇ ರಾತ್ರಿ ಮನೆ ಸೇರಬೇಕೆಂದು ಅಣ್ಣನ ಪಟ್ಟು. ಆ ಕೊನೆಯ ದಿನವನ್ನು ಹಿರಿಯರಿಗೆ ಚೆನ್ನಾಗಿ ಕಳೆಯುವಂತೆ ಮಾಡುವುದು ಹೇಗೆ? — ಓದುಗಿ, ಸೋಮವಾರಪೇಟೆ

ಉತ್ತರ: ತಂಗೀ, ಮೊದಲು ಒಂದು ಲೆಕ್ಕ ಸರಿ ಮಾಡಿಕೊಳ್ಳೋಣ. ಹಡಗು ದಡ ಸೇರುವ ದಿನ ನಿಮ್ಮ ರಜೆಯ ದಿನವಲ್ಲ. ಅದು ಹಡಗಿನವರ ಕೆಲಸದ ದಿನ. ನಿಮ್ಮ ರಜೆ ಅದರ ಹಿಂದಿನ ಸಂಜೆಗೇ ಮುಗಿಯುತ್ತದೆ. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ‘ಎಂಪ್ರೆಸ್’ ಹಡಗನ್ನೇ ತೆಗೆದುಕೊಳ್ಳಿ. 1990ರಲ್ಲಿ ಸೇವೆಗೆ ಬಂದ ಹಡಗು, ಸುಮಾರು 800 ಕೋಣೆಗಳು. ಕೋಣೆ ನೋಡಿಕೊಳ್ಳುವ ಒಬ್ಬ ಸ್ಟೀವರ್ಡ್‌ನ ಪಾಲಿಗೆ ಹದಿನೈದು, ಇಪ್ಪತ್ತು ಕೋಣೆ. ಬೆಳಗ್ಗೆ ನೀವು ಇಳಿಯುತ್ತೀರಿ, ಮಧ್ಯಾಹ್ನದ ಹೊತ್ತಿಗೆ ಮುಂದಿನ ಪ್ರಯಾಣಿಕರು ಹತ್ತುತ್ತಾರೆ. ನಡುವಿನ ಕೆಲವೇ ಗಂಟೆಗಳಲ್ಲಿ ಹಾಸಿಗೆ, ಬಚ್ಚಲು, ನೆಲ ಎಲ್ಲವೂ ಹೊಸದಾಗಬೇಕು. ಅದಕ್ಕೇ ಎಂಟು ಗಂಟೆಯ ಸುಮಾರಿಗೆ ಕೋಣೆ ಬಿಡಿ ಎನ್ನುತ್ತಾರೆ. ಅಷ್ಟು ದಿನ ‘ಗುಡ್ ಮಾರ್ನಿಂಗ್’ ಎಂದು ನಕ್ಕ ಹುಡುಗ ಅಂದು ಬಾಗಿಲು ತಟ್ಟಿ ಗಡಿಯಾರ ನೋಡುತ್ತಾನೆ. ಇದನ್ನು ಅಜ್ಜನಿಗೆ ಹಿಂದಿನ ದಿನವೇ ಹೇಳಿಡಿ. ಹಿರಿಯರಿಗೆ ಅಂದು ಬೇಸರವಾಗುವುದು ಆಯಾಸದಿಂದಲ್ಲ, ‘ನಮ್ಮನ್ನು ಹೊರಗೆ ಹಾಕುತ್ತಿದ್ದಾರೆ’ ಎಂಬ ಭಾವನೆಯಿಂದ. ಕಾರಣ ಮೊದಲೇ ಗೊತ್ತಿದ್ದರೆ ಅರ್ಧ ಬೇಸರ ಇಳಿಯುತ್ತದೆ.

ಹಿಂದಿನ ಮಧ್ಯಾಹ್ನ ಕೋಣೆಗೆ ಬಣ್ಣದ ಅಥವಾ ಸಂಖ್ಯೆಯ ಟ್ಯಾಗುಗಳು ಬರುತ್ತವೆ. ಅವನ್ನು ಪೆಟ್ಟಿಗೆಗೆ ಕಟ್ಟಿ ರಾತ್ರಿ ಬಾಗಿಲ ಹೊರಗಿಟ್ಟರೆ ಸಿಬ್ಬಂದಿ ಒಯ್ಯುತ್ತಾರೆ. ಮತ್ತೆ ಆ ಪೆಟ್ಟಿಗೆಯ ಮುಖ ಕಾಣುವುದು ಮರುದಿನ ಬಂದರಿನ ಟರ್ಮಿನಲ್ಲಿನಲ್ಲಿ. ಅಜ್ಜ, ಅಜ್ಜಿಯರ ಮಟ್ಟಿಗೆ ಅನಾಹುತಗಳೆಲ್ಲ ಹುಟ್ಟುವುದು ಇಲ್ಲೇ. ಅವರು ಒಪ್ಪ ಓರಣದವರು, ಎಲ್ಲವನ್ನೂ ಮಡಚಿ ಒಳಗಿಟ್ಟುಬಿಡುತ್ತಾರೆ. ಮರುದಿನ ಉಡುವ ಬಟ್ಟೆಯನ್ನೂ. ಇದ್ದಬದ್ದ ಪ್ಯಾಂಟುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಕಳಿಸಿ, ಬೆಳಗ್ಗೆ ಲುಂಗಿಯಲ್ಲಿ ನನ್ನ ಕೌಂಟರಿನ ಮುಂದೆ ಸೆಟೆದು ನಿಂತ ನಿವೃತ್ತ ಸೇನಾಧಿಕಾರಿಯೊಬ್ಬರು ನನಗೆ ಇನ್ನೂ ನೆನಪಿದ್ದಾರೆ. ಅವರು ಸೆಟೆದು ನಿಂತಿದ್ದ ರೀತಿಗೆ ನಗಲೂ ಧೈರ್ಯ ಬರಲಿಲ್ಲ.

ಅಜ್ಜ, ಅಜ್ಜಿ ಇಬ್ಬರಿಗೂ ಸೇರಿ ಒಂದು ಕೈಚೀಲ ಬೇರೆ ಮಾಡಿ, ಅದನ್ನು ತುಂಬುವುದು ನಿಮ್ಮ ಕೆಲಸವಾಗಲಿ. ಅಂದಿನ ಮತ್ತು ಮರುದಿನದ ಮಾತ್ರೆ, ಇನ್ಸುಲಿನ್, ಗ್ಲುಕೋಮೀಟರ್, ಗುರುತಿನ ಚೀಟಿ, ಕನ್ನಡಕ, ಒಂದು ಜೊತೆ ಬಟ್ಟೆ, ನಡೆಯಲು ಹಿತವಾದ ಚಪ್ಪಲಿ. ಇನ್ಸುಲಿನ್ ಎಲ್ಲಿದೆ ಎಂದು ಎರಡು ಸಲ ಕೇಳಿಕೊಳ್ಳಿ, ಏಕೆಂದರೆ ಅದು ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿ ನೀರಿನ ಬಾಟಲಿಯ ಹಿಂದೆ ಕುಳಿತಿರುತ್ತದೆ. ಕೋಣೆ ಬಿಡುವ ಮುನ್ನ ಬಚ್ಚಲಿನ ಲೋಟವನ್ನೂ ನೋಡಿ. ಕಳೆದುಹೋದ ವಸ್ತುಗಳ ನಮ್ಮ ಪೆಟ್ಟಿಗೆಯಲ್ಲಿ ಹಲ್ಲುಸೆಟ್ಟು ಇಲ್ಲದ ವಾರವೇ ಕಡಿಮೆ. ಆಮೇಲೆ ಕಿವಿಯ ಯಂತ್ರದ ಚಾರ್ಜರ್, ದಿಂಬಿನ ಕೆಳಗಿನ ಜಪಮಾಲೆ, ಲಾಕರಿನೊಳಗಿನ ಬಳೆ.

ಲೆಕ್ಕವನ್ನು ಹಿಂದಿನ ಸಂಜೆಯೇ ಮುಗಿಸಿ. ಕೋಣೆಯ ಕಾರ್ಡಿಗೆ ಬರೆಸಿದ ಖರ್ಚೆಲ್ಲ ಕೌಂಟರಿನಲ್ಲಿ ಮುದ್ರಿಸಿ ಕೊಡುತ್ತಾರೆ, ಕೆಲವು ಹಡಗುಗಳಲ್ಲಿ ಕೋಣೆಯ ಟಿವಿಯಲ್ಲೇ ಕಾಣುತ್ತದೆ. ಬೆಳಗ್ಗೆ ಕೌಂಟರಿನ ಮುಂದೆ ನಿಲ್ಲುವ ಸಾಲು ಬಹಳ ಉದ್ದ, ಮತ್ತು ಅದರಲ್ಲಿ ನಿಂತವರು ಯಾರೂ ಒಳ್ಳೆಯ ಮನಸ್ಥಿತಿಯಲ್ಲಿ ಇರುವುದಿಲ್ಲ. ಹತ್ತುವಾಗ ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿದ ಮೊತ್ತವಿದ್ದರೆ ಅದು ಬಿಡುಗಡೆಯಾಗಲು ಕೆಲವು ದಿನ ಹಿಡಿಯುತ್ತದೆ, ಗಾಬರಿ ಬೇಡ.

ಬೆಳಗಿನ ಉಪಾಹಾರಕ್ಕೆ ಬಫೆ ಕಡೆ ಹೋಗಲೇ ಬೇಡಿ. ಪ್ರಯಾಣಿಕರೆಲ್ಲ ಕೈಚೀಲದ ಸಮೇತ ಅಲ್ಲೇ ಇರುತ್ತಾರೆ. ಕುಳಿತು ಉಣ್ಣುವ ಊಟದ ಹಾಲ್ ತೆರೆದಿದ್ದರೆ ಅಲ್ಲಿಗೆ ಕರೆದೊಯ್ಯಿರಿ. ಅಜ್ಜ ಕೋಣೆಯಲ್ಲಿ ಇನ್ಸುಲಿನ್ ಚುಚ್ಚಿಕೊಂಡು ಆಮೇಲೆ ಇಡ್ಲಿಗಾಗಿ ಸಾಲಿನಲ್ಲಿ ನಿಲ್ಲುವುದು ಆಗಕೂಡದು. ಊಟಕ್ಕೆ ಮೊದಲಿನ ಚುಚ್ಚುಮದ್ದು ಎಂದಾದರೆ ಊಟ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಖಚಿತವಾದ ಮೇಲೆಯೇ.

ಅಜ್ಜಿಯ ಮಂಡಿಗೆ ಗಾಲಿಕುರ್ಚಿ ಕೇಳಲು ಸಂಕೋಚ ಬೇಡ. ಹಿಂದಿನ ದಿನ ಕೌಂಟರಿನಲ್ಲಿ ಹೆಸರು ಬರೆಸಿ. ಹಡಗಿನ ಗಾಲಿಕುರ್ಚಿಗಳು ಎಣಿಸಿಟ್ಟಷ್ಟೇ, ಬೆಳಗ್ಗೆ ಕೇಳಿದರೆ ನಿಮ್ಮ ಸರದಿ ದೂರ. ಅಜ್ಜಿ ‘ನಾನು ನಡೆಯುತ್ತೇನೆ’ ಎನ್ನುತ್ತಾರೆ, ಗೊತ್ತು. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ನಡುನೀರಿನಲ್ಲಿ ಸಣ್ಣ ದೋಣಿಗೆ ಇಳಿಯಬೇಕು. ಅದನ್ನು ಮಾಡಿದವರಿಗೆ ಹಡಗಿನಿಂದ ಬಂದರಿಗೆ ಇಳಿಯುವ ಸೇತುವೆ ಯಾವ ಲೆಕ್ಕ ಎನಿಸುವುದು ಸಹಜ. ಆದರೆ ಸಮುದ್ರದ ಏರಿಳಿತಕ್ಕೆ ತಕ್ಕಂತೆ ಆ ಇಳಿಜಾರು ಬದಲಾಗುತ್ತದೆ, ಮುಂಬೈಯಲ್ಲಿ ಏರಿಳಿತ ಹೆಚ್ಚು. ಅದು ಮುಗಿದ ಮೇಲೂ ಟರ್ಮಿನಲ್ಲಿನ ಉದ್ದ, ಪೆಟ್ಟಿಗೆ ಹುಡುಕುವ ಹೊತ್ತು, ಟ್ಯಾಕ್ಸಿಯವರೆಗಿನ ಬಿಸಿಲು ಇದ್ದೇ ಇದೆ.

ಇನ್ನು ನನ್ನ ಮುಖ್ಯ ಮಾತು. ಇಳಿಯುವುದು ಗುಂಪು ಗುಂಪಾಗಿ, ಟ್ಯಾಗಿನ ಬಣ್ಣದಂತೆ. ಎಲ್ಲರೂ ಮೊದಲ ಗುಂಪಿಗೆ ಹಾತೊರೆಯುತ್ತಾರೆ. ನೀವು ಕೌಂಟರಿಗೆ ಹೋಗಿ ಕೊನೆಯ ಗುಂಪಿನ ಟ್ಯಾಗು ಕೇಳಿ. ಸಂತೋಷದಿಂದ ಕೊಡುತ್ತಾರೆ, ಅದನ್ನು ಕೇಳುವವರೇ ಇಲ್ಲ. ಕೋಣೆ ಬಿಟ್ಟ ಮೇಲೆ ಲೌಂಜಿನಲ್ಲಿ ಒಳ್ಳೆಯ ಸೋಫಾ ಹಿಡಿದು ಕುಳಿತುಬಿಡಿ. ಲಿಫ್ಟಿನ ಮುಂದಿನ ನೂಕುನುಗ್ಗಲು ಕರಗುತ್ತದೆ, ಗಾಲಿಕುರ್ಚಿಗೆ ಜನ ಸಿಗುತ್ತಾರೆ, ಕೆಳಗೆ ಪೆಟ್ಟಿಗೆಗಳ ರಾಶಿಯೂ ಕಡಿಮೆಯಾಗಿ ನಿಮ್ಮದು ದೂರದಿಂದಲೇ ಕಾಣುತ್ತದೆ. ಹೊರಬರುವಾಗ ಕಾರ್ಡು ಒತ್ತಿ ‘ಟಣ್’ ಎಂದ ಮೇಲೆ ಮತ್ತೆ ಒಳಗೆ ಬಿಡುವುದಿಲ್ಲ. ಊರುಗೋಲು ಮರೆತರೆ ಅಲ್ಲಿಯೇ ನಿಂತು ಯಾರಾದರೂ ತಂದುಕೊಡುವುದನ್ನು ಕಾಯಬೇಕು.

ಹಡಗು ದಡಕ್ಕೆ ಹತ್ತಿರವಾಗುತ್ತಿದ್ದಂತೆ ಎಲ್ಲರ ಮೊಬೈಲಿಗೂ ಒಮ್ಮೆಲೇ ಜೀವ ಬರುತ್ತದೆ. ಮಾರ್ಚ್ ತಿಂಗಳು, ಕಾಫಿಗೆ ಹೂ ಅರಳಿಸುವ ಹೂಮಳೆಯ ಕಾಲ. ಅಜ್ಜ ಮೊದಲು ಕೇಳುವುದು ‘ಎಷ್ಟು ಸೆಂಟು ಬಿತ್ತು?’ ಎಂದೇ (ನೂರು ಸೆಂಟು ಮಳೆಯೆಂದರೆ ಒಂದು ಇಂಚು). ಬಿದ್ದಿದ್ದರೂ ಚಿಂತೆ, ಬೀಳದಿದ್ದರೂ ಚಿಂತೆ, ಸ್ಪ್ರಿಂಕ್ಲರ್ ಹಾಕಿದರೋ ಇಲ್ಲವೋ ಎಂಬ ಚಿಂತೆ. ಆ ಫೋನನ್ನು ಮನೆಯವರೆಗೆ ಕಟ್ಟಿಹಾಕಬೇಡಿ. ನಾಲ್ಕು ದಿನ ಸಮುದ್ರ ನೋಡಿದ ಕಾಫಿ ಬೆಳೆಗಾರನಿಗೆ ಮಳೆಯ ಲೆಕ್ಕ ಕೇಳುವುದಕ್ಕಿಂತ ದೊಡ್ಡ ಸುಖವಿಲ್ಲ. ಮನೆಯಲ್ಲಿರುವ ಯಾರಿಗಾದರೂ ಮಳೆಮಾಪಕ ನೋಡಿ ಅಂಕಿಗಳನ್ನು ಬರೆದಿಡಲು ಹೇಳಿ.

ಅಣ್ಣನ ಯೋಜನೆ ನನಗೆ ಒಪ್ಪಿಗೆಯಿಲ್ಲ. ಹಡಗಿನಿಂದ ಇಳಿದ ಮೇಲೂ ನೆಲ ತೂಗುವಂತೆ ಅನಿಸುವುದು ಸಾಮಾನ್ಯ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಹೋಗುತ್ತದೆ (ವಾರಗಟ್ಟಲೆ ಉಳಿದರೆ ವೈದ್ಯರನ್ನು ಕಾಣಬೇಕು). ಆ ತೂಗಾಟ ತಲೆಯಲ್ಲಿಟ್ಟುಕೊಂಡು, ಅದೇ ಸಂಜೆ ಬಜ್ಪೆಯ ವಿಮಾನ ನಿಲ್ದಾಣದಿಂದ ಕಾರು ಹತ್ತಿ, ಸಂಪಾಜೆ ಘಾಟಿಯ ತಿರುವುಗಳನ್ನು ಕತ್ತಲಲ್ಲಿ ಏರಿ, ಮಡಿಕೇರಿ ದಾಟಿ ಸೋಮವಾರಪೇಟೆ ಸೇರುವ ಹೊತ್ತಿಗೆ ಅಜ್ಜಿ ಯಾವ ಸ್ಥಿತಿಯಲ್ಲಿರುತ್ತಾರೆ ಎಂದು ಅಣ್ಣನನ್ನೇ ಕೇಳಿ. ಬೆಳಗ್ಗೆ ಸಮುದ್ರ ಮಟ್ಟ, ರಾತ್ರಿಗೆ ಸಾವಿರ ಮೀಟರಿಗೂ ಮೇಲೆ. ನಮ್ಮ ಜಿಲ್ಲೆಗೆ ರೈಲಿಲ್ಲದಿರುವುದರಿಂದ ಕೊನೆಯ ದಾರಿ ಯಾವಾಗಲೂ ಘಾಟಿಯೇ. ಮಂಗಳೂರಿನಲ್ಲಿ ಒಂದು ರಾತ್ರಿ ತಂಗಿ, ಬೆಳಗ್ಗೆ ತಿಂಡಿ ಮುಗಿಸಿ ನಿಧಾನವಾಗಿ ಹೊರಡಿ. ಹಡಗು ತಡವಾದರೂ ವಿಮಾನ ತಪ್ಪದಿರಲಿ ಎಂದು ಸಂಜೆಯ ವಿಮಾನ ಹಿಡಿಯುವುದು ಇನ್ನೂ ಒಳ್ಳೆಯದು. ಒಂದು ರಾತ್ರಿಯ ಕೋಣೆಯ ಬಾಡಿಗೆಗೆ ಅಣ್ಣ ತಕರಾರು ಮಾಡಿದರೆ, ಕಾರಿನ ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಅಜ್ಜಿಯ ಪಕ್ಕ ಕೂರುವ ಕೆಲಸ ಅವನಿಗೇ ಬಿಡಿ.

ಪ್ರಶ್ನೆ: ಮೊಮ್ಮಕ್ಕಳು ಪ್ರೀತಿಯಿಂದ ಹಡಗಿಗೆ ಕರೆದೊಯ್ದರು, ಸಂತೋಷ. ಆದರೆ ಕೊನೆಯ ದಿನ ನಾಲ್ಕೂವರೆಗೆ ಎಬ್ಬಿಸಿದರು. ಸಮುದ್ರದಲ್ಲಿ ಸೂರ್ಯೋದಯ ನೋಡಬೇಕಂತೆ. ಮಂಜು ಮುಸುಕಿದ ಮುಂಬೈ ಕಂಡಿತು. ಆಮೇಲೆ ‘ಅಜ್ಜಾ ಇಲ್ಲೇ ಇರಿ’ ಎಂದು ಮೆಟ್ಟಿಲ ಬಳಿ ಕೂರಿಸಿ ಫೋಟೋ ತೆಗೆಯಲು ಹೋದವರು ಎರಡು ಗಂಟೆ ಬರಲಿಲ್ಲ. ಕೋಣೆಗೆ ಹೋಗೋಣವೆಂದರೆ ಕಾರ್ಡು ಅವರ ಬಳಿ. ಇದು ಹಡಗಿನ ನಿಯಮವೋ, ಮೊಮ್ಮಕ್ಕಳ ನಿಯಮವೋ? — ಒಬ್ಬ ಅಜ್ಜ, ಮಡಿಕೇರಿ

ಉತ್ತರ: ಅಜ್ಜಾ, ಪೂರ್ತಿ ಮೊಮ್ಮಕ್ಕಳ ನಿಯಮ. ಹಡಗಿನ ಮೇಲೆ ಅದರ ಭಾರ ಹಾಕಲಾರೆ.

ಪಶ್ಚಿಮ ಕರಾವಳಿಯಲ್ಲಿ ಸಮುದ್ರಕ್ಕೆ ಸೂರ್ಯ ಇಳಿಯುತ್ತಾನೆ, ಅಲ್ಲಿಂದ ಏಳುವುದಿಲ್ಲ ಎಂಬುದು ಆ ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಟ್ಟಿರಬೇಕು. ಮುಂಬೈ ಬಂದರಿನೊಳಗೆ ಬರುವಾಗ ಪೂರ್ವಕ್ಕಿರುವುದು ಉರಣ್ ಕಡೆಯ ನೆಲ. ಬೆಳಗ್ಗೆ ಅಲ್ಲಿ ಕಾಣುವುದು ನೀವು ಕಂಡದ್ದೇ. ನೋಡಬೇಕಾದದ್ದು ಹಿಂದಿನ ದಿನದ ಸೂರ್ಯಾಸ್ತ. ಅದು ನಡುಸಮುದ್ರದಲ್ಲಿ ಆಗುತ್ತದೆ, ಮೇಲಿನ ಡೆಕ್ಕಿನಲ್ಲಿ ಕುರ್ಚಿಯೂ ಇರುತ್ತದೆ, ಕೈಯಲ್ಲೊಂದು ಗ್ಲಾಸು ಇದ್ದರೂ ಯಾರೂ ಕೇಳುವುದಿಲ್ಲ.

ಕಾರ್ಡಿನ ವಿಷಯಕ್ಕೆ ಬರುತ್ತೇನೆ, ನಿಮಗೆ ಆದ ಅನ್ಯಾಯ ಅಲ್ಲಿದೆ. ಮನೆಯವರೆಲ್ಲರ ಕಾರ್ಡು, ಗುರುತಿನ ಚೀಟಿಗಳನ್ನು ಒಂದೇ ಚೀಲಕ್ಕೆ ಹಾಕಿ ಒಬ್ಬರು ಕೊರಳಿಗೆ ನೇತುಹಾಕಿಕೊಳ್ಳುವುದು ನಮ್ಮ ಕುಟುಂಬಗಳ ವಾಡಿಕೆ. ಕಳೆಯಬಾರದೆಂಬ ಕಾಳಜಿಯೇ ಇರಬಹುದು. ಆದರೆ ಹಡಗಿನಲ್ಲಿ ಆ ಕಾರ್ಡೇ ಕೋಣೆಯ ಬೀಗ, ಅದೇ ಹಣದ ಚೀಲ, ಅದೇ ನಿಮ್ಮ ಗುರುತು. ಅದಿಲ್ಲದ ಹಿರಿಯರು ಒಂದು ಕಾಫಿ ಕುಡಿಯಲೂ ಮೊಮ್ಮಕ್ಕಳನ್ನು ಹುಡುಕಬೇಕು. ಮುಂದಿನ ಸಲ ಹತ್ತಿದ ದಿನವೇ ನಿಮ್ಮ ಕಾರ್ಡು ಕೇಳಿ ಪಡೆದು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಕೋಣೆಯ ಸಂಖ್ಯೆ, ಡೆಕ್ಕಿನ ಸಂಖ್ಯೆ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಬೇರೆ ಜೇಬಿಗೆ ಹಾಕಿ, ಏಕೆಂದರೆ ಕಾರ್ಡು ಬಿದ್ದರೆ ಯಾರಿಗೂ ಕೋಣೆ ತಿಳಿಯದಿರಲಿ ಎಂದು ಹಲವು ಹಡಗುಗಳು ಅದರ ಮೇಲೆ ಸಂಖ್ಯೆ ಮುದ್ರಿಸುವುದಿಲ್ಲ.

ಮೆಟ್ಟಿಲ ಬಳಿ ಕೂರಬೇಡಿ, ಕೂರಲು ಯಾರಾದರೂ ಹೇಳಿದರೆ ಒಪ್ಪಲೂ ಬೇಡಿ. ಇಳಿಯುವ ದಿನ ಅಲ್ಲಿ ಪೆಟ್ಟಿಗೆಗಳು ಉರುಳುತ್ತಿರುತ್ತವೆ. ಕಾಯುವವರಿಗಾಗಿಯೇ ನಾಟಕದ ಹಾಲ್, ಲೌಂಜು ತೆರೆದಿಟ್ಟಿರುತ್ತಾರೆ. ‘ನಾನು ನಾಟಕದ ಹಾಲ್‌ನಲ್ಲಿ ಇರುತ್ತೇನೆ, ಬಂದು ಕರೆಯಿರಿ’ ಎಂದು ಹೇಳಿ ಎದ್ದು ನಡೆದುಬಿಡಿ.

ಪ್ರಶ್ನೆ: ಚೆನ್ನೈಯಿಂದ ಶ್ರೀಲಂಕಾಕ್ಕೆ ಹೋಗಿಬರುವ ಹಡಗಿಗೆ ಹೊರಟಿದ್ದೇವೆ. ಅಜ್ಜಿ ಎಲ್ಲಿಗೆ ಹೋದರೂ ಗಿಡದ ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವವರು. ಈ ಸಲ ಒಳ್ಳೆಯ ಕಾಳುಮೆಣಸಿನ ಬಳ್ಳಿ ಸಿಕ್ಕರೆ ಬಿಡುವುದಿಲ್ಲ ಎನ್ನುತ್ತಿದ್ದಾರೆ. ಇಳಿಯುವ ದಿನ ಕಸ್ಟಮ್ಸ್‌ನವರು ಹಿಡಿಯುತ್ತಾರೆಯೇ? — ಓದುಗ, ಪೊನ್ನಂಪೇಟೆ

ಉತ್ತರ: ಹಿಡಿಯುತ್ತಾರೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆ. ತರಲೇಬಾರದು.

ಹೊರದೇಶದಿಂದ ಗಿಡ, ಕಡ್ಡಿ, ಬೀಜ ತರಲು 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಒದ್ದೆ ಬಟ್ಟೆಗೆ ಇವೆರಡೂ ಇರುವುದಿಲ್ಲ. ಅಜ್ಜಿಗೆ ಕಾನೂನು ಹೇಳಿದರೆ ಕೇಳುವುದಿಲ್ಲ ಅಂದುಕೊಳ್ಳೋಣ. ಹಾಗಾದರೆ ತೋಟದ ಭಾಷೆಯಲ್ಲೇ ಹೇಳಿ. ಅವರು ಹೋಗುತ್ತಿರುವ ಸಿಲೋನಿನಲ್ಲಿ ಒಂದು ಕಾಲಕ್ಕೆ ಬೆಟ್ಟಬೆಟ್ಟವೂ ಕಾಫಿಯೇ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕಾಫಿ ಹೋಗಿ ಆ ಬೆಟ್ಟಗಳಿಗೆ ಚಹಾ ಬಂತು. ಎಲೆಯ ಅಡಿಯ ಕಿತ್ತಳೆ ಬಣ್ಣದ ಆ ಪುಡಿ ಕಣ್ಣಿಗೆ ಕಾಣುವ ಮೊದಲೇ ಗಿಡದೊಳಗೆ ಸೇರಿರುತ್ತದೆ. ಇಷ್ಟು ಹಳೆಯ ಕತೆ ಬೇಡವೆಂದರೆ ಕಾಫಿಯ ಹಣ್ಣು ಕೊರಕ ಕೀಟದ ಕತೆ ಅಜ್ಜಿಗೇ ಗೊತ್ತು. ಭಾರತದಲ್ಲಿ ಅದು ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಗೂಡಲೂರು ಪೊನ್ನಂಪೇಟೆಗೆ ಎಷ್ಟು ದೂರ? ಕೊಯ್ಲು ಮುಗಿದ ಮೇಲೆ ನೆಲದ ಮೇಲಿನ ಹಣ್ಣನ್ನೆಲ್ಲ ಆರಿಸಿ ತೆಗೆಸುವ ಕೂಲಿಯನ್ನು ನಾವು ಇಂದಿಗೂ ಕೊಡುತ್ತಿದ್ದೇವೆ. ಮೆಣಸಿನ ಬಳ್ಳಿಗೆ ಸೊರಗು ರೋಗ ಈಗ ಇರುವಷ್ಟೇ ಸಾಕಲ್ಲವೇ? ಬೇರಿಗೆ ಅಂಟಿದ ಮಣ್ಣಿನಲ್ಲಿ ಏನೇನು ಬರುತ್ತದೆ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ.

ಗಿಡ ಬೇಕೆಂದರೆ ಮಡಿಕೇರಿಯ ಯಾವುದಾದರೂ ನರ್ಸರಿಗೆ ಕರೆದುಕೊಂಡು ಹೋಗಿ ಎರಡು ಕೊಡಿಸಿ. ಹಡಗಿನ ಬಫೆಯ ಬಾಳೆಹಣ್ಣು, ಸೇಬುಗಳನ್ನೂ ಕೈಚೀಲಕ್ಕೆ ಹಾಕಿಕೊಂಡು ಇಳಿಯಬಾರದು ಎಂದು ಅಂದೇ ಹೇಳಿಬಿಡಿ. ಅಜ್ಜಿಯರು ಅದರಲ್ಲೂ ಪಳಗಿದವರು.

ಲಕ್ಷದ್ವೀಪಕ್ಕೆ ಹೋಗುವ ಓದುಗರಿಗೂ ಇಲ್ಲೇ ಒಂದು ಮಾತು. ಅಲ್ಲಿ ಕಸ್ಟಮ್ಸ್ ಪ್ರಶ್ನೆ ಇಲ್ಲ, ದೇಶದೊಳಗಿನ ಪ್ರಯಾಣ. ಆದರೆ ದಡದಲ್ಲಿ ಬಿದ್ದಿರುವ ಬಿಳಿ ಹವಳದ ತುಂಡು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದ್ದು. ಹುಲಿಯನ್ನು ಹಾಕಿರುವುದೂ ಅದೇ ಪಟ್ಟಿಗೆ. ‘ದೇವರ ಮುಂದೆ ಇಡಲು ಒಂದೇ ಒಂದು’ ಎಂದು ಸೆರಗಿಗೆ ಕಟ್ಟಿಕೊಂಡಿದ್ದರೆ, ದ್ವೀಪದಲ್ಲೇ ಬಿಚ್ಚಿಸಿ ಬಿಟ್ಟುಬನ್ನಿ.

ಪ್ರಶ್ನೆ: ಕೊನೆಯ ರಾತ್ರಿಯ ಊಟಕ್ಕೆ ಎಲ್ಲರೂ ವಿಶೇಷ ಉಡುಪು ತೊಡುತ್ತಾರಂತೆ. ನಮ್ಮ ಅಜ್ಜ ಕೊಡವರ ಕುಪ್ಯಚೇಲೆ (ನಿಲುವಂಗಿ, ನಡುಪಟ್ಟಿ) ಧರಿಸುತ್ತೇನೆ, ನಡುವಿಗೆ ಸಿಕ್ಕಿಸುವ ಪೀಚೆಕತ್ತಿ ಇಲ್ಲದೆ ಚೇಲೆ ಕಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಕೊಡವರಾದ ನಮಗೆ ಆಯುಧ ಪರವಾನಗಿಯ ವಿನಾಯಿತಿ ಇದೆಯಲ್ಲ? — ಓದುಗ, ನಾಪೋಕ್ಲು

ಉತ್ತರ: ವಿನಾಯಿತಿ ಇದೆ, 2029ರವರೆಗೆ ವಿಸ್ತರಣೆಯೂ ಆಗಿದೆ. ಅದು ಬಂದೂಕಿನ ಪರವಾನಗಿಯ ವಿಷಯ. ಹಡಗಿನ ಭದ್ರತೆ ಬೇರೆಯೇ ವ್ಯವಸ್ಥೆ. 2004ರ ಜುಲೈಯಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಭದ್ರತಾ ಸಂಹಿತೆಯ ಬಳಿಕ ಬಂದರುಗಳಲ್ಲಿ ವಿಮಾನ ನಿಲ್ದಾಣದಂತೆಯೇ ಚೀಲಗಳನ್ನು ಯಂತ್ರದೊಳಗೆ ಹಾಯಿಸುತ್ತಾರೆ. ಬೆಳ್ಳಿಯ ಒರೆ ಎಷ್ಟೇ ಚೆಂದವಿದ್ದರೂ ಯಂತ್ರಕ್ಕೆ ಕಾಣುವುದು ಒಳಗಿನ ಅಲಗು. ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಹಿಂದಿರುಗಿಸಿದರೂ ಇಳಿಯುವ ದಿನ, ರಸೀದಿ ಹಿಡಿದು ಪ್ರತ್ಯೇಕ ಸಾಲಿನಲ್ಲಿ ನಿಂತ ಮೇಲೆ. ಅಲ್ಲಿಂದ ವಿಮಾನಕ್ಕೆ ಹೊರಟರೆ ಅದೇ ರಗಳೆ ಇನ್ನೊಮ್ಮೆ. ತಲೆಮಾರುಗಳಿಂದ ಬಂದ ಕತ್ತಿಯನ್ನು ಇಸ್ತ್ರಿಪೆಟ್ಟಿಗೆ, ಚಾಕುಗಳ ಜೊತೆ ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಿದ್ದಿರಲು ಅಜ್ಜ ಬಿಡುತ್ತಾರೆಯೇ ಎಂದು ಕೇಳಿ ನೋಡಿ. ಉತ್ತರ ಅವರೇ ಹೇಳುತ್ತಾರೆ. ಕುಪ್ಯವನ್ನು ಮಾತ್ರ ಖಂಡಿತ ತೆಗೆದುಕೊಂಡು ಹೋಗಿ. ಹಡಗಿನ ಛಾಯಾಗ್ರಾಹಕರು ಬೆನ್ನು ಬಿಡುವುದಿಲ್ಲ. ಆ ಫೋಟೋ ಕೊಳ್ಳುವುದಾದರೆ ಅಂದು ರಾತ್ರಿಯೇ ಕೊಂಡುಬಿಡಿ, ಬೆಳಗ್ಗೆ ಆ ಅಂಗಡಿ ಮುಚ್ಚಿರುತ್ತದೆ.

ಪ್ರಶ್ನೆ: ಕೋಣೆ ನೋಡಿಕೊಳ್ಳುವ ಹುಡುಗನಿಗೆ ಕೊನೆಯ ದಿನ ಏನು ಕೊಡಬೇಕು? ನಮ್ಮ ಅಜ್ಜಿ ಮನೆಯ ಕಾಫಿಪುಡಿ ಅರ್ಧ ಕಿಲೋ ಕಟ್ಟಿಟ್ಟಿದ್ದಾರೆ. — ಓದುಗಿ, ಸುಂಟಿಕೊಪ್ಪ

ಉತ್ತರ: ಅಜ್ಜಿಯ ಮನಸ್ಸು ದೊಡ್ಡದು. ಆದರೆ ಬೆಂಕಿಯ ಭಯಕ್ಕೆ ಸಿಬ್ಬಂದಿಯ ಕೋಣೆಗಳಲ್ಲಿ ನೀರು ಕಾಯಿಸುವ ಉಪಕರಣಗಳನ್ನು ಇಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಫಿಲ್ಟರ್ ಕಾಫಿಯ ಪುಡಿ ಅವನ ಪೆಟ್ಟಿಗೆಯಲ್ಲೇ ತಿಂಗಳುಗಟ್ಟಲೆ ಮಲಗಿರುತ್ತದೆ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದೆಯೇ ನೋಡಿಕೊಳ್ಳಿ. ಸೇರಿದ್ದರೂ ಅಜ್ಜಿಯ ಕೈಯಿಂದ ಒಂದು ಲಕೋಟೆಯಲ್ಲಿ ಸ್ವಲ್ಪ ಹಣ ಕೊಡಿಸಿ. ಹಿಂದಿನ ಸಂಜೆಯೇ ಕೊಡಬೇಕು, ಬೆಳಗ್ಗೆ ಅವನು ಕೈಗೆ ಸಿಗುವುದಿಲ್ಲ.

ಇನ್ನೂ ಒಂದು ಕೆಲಸ ಮಾಡಿದರೆ ಅವನಿಗೆ ಹಣಕ್ಕಿಂತ ಹೆಚ್ಚು. ಕೊನೆಯ ದಿನ ಅಭಿಪ್ರಾಯದ ನಮೂನೆ ಬರುತ್ತದೆ, ಕಾಗದದಲ್ಲೋ ಮೊಬೈಲಿನಲ್ಲೋ. ಎಲ್ಲರೂ ಅದನ್ನು ಕಸದಬುಟ್ಟಿಗೆ ಹಾಕುತ್ತಾರೆ. ಅದರಲ್ಲಿ ಅವನ ಹೆಸರು, ಕೋಣೆಯ ಸಂಖ್ಯೆ, ಅವನು ಅಜ್ಜಿಗೆ ಏನು ಮಾಡಿದ ಎಂಬ ಎರಡು ಸಾಲು ಬರೆಯಿರಿ. ಅವನ ಮುಂದಿನ ಒಪ್ಪಂದದ ಹೊತ್ತಿಗೆ ಮೇಲಿನವರು ಅದನ್ನು ತೆರೆದು ನೋಡುತ್ತಾರೆ. ಹೆಸರು ಎದೆಯ ಮೇಲಿನ ಪಟ್ಟಿಯಲ್ಲಿರುತ್ತದೆ, ಸರಿಯಾಗಿ ನೋಡಿ ಬರೆಯಿರಿ. ‘ಆ ನಗುಮುಖದ ಹುಡುಗ’ ಎಂದಷ್ಟೇ ಬರೆದ ಚೀಟಿಗಳನ್ನು ನಾವು ಯಾರ ಕಡತಕ್ಕೂ ಸೇರಿಸಲಾಗುತ್ತಿರಲಿಲ್ಲ.